ಅಂಗಡಿ, ಗೋಡೌನ್, ಹೋಂಸ್ಟೇಗೆ ಸಿಸಿಟಿವಿ: ಕೊಟೇಷನ್ ಕೇಳುವ ಮೊದಲು ಈ ಕೆಲಸ ಮುಗಿಸಿ

ಕೊಯ್ಲು ಶುರುವಾಗುವ ಹೊತ್ತಿಗೆ ಚಿಕ್ಕಮಗಳೂರಿನ ವ್ಯಾಪಾರಸ್ಥರು, ತೋಟದವರು, ಹೋಂಸ್ಟೇ ನಡೆಸುವವರು ಕೇಳುವ ಪ್ರಶ್ನೆ ಒಂದೇ: "ಯಾವ ಕಂಪನಿ ಕ್ಯಾಮೆರಾ ಒಳ್ಳೇದು? ಎಂಟು ಹಾಕಿಸಿದರೆ ಸಾಕಾ?" ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ. ಕಂಪನಿ, ಮೆಗಾಪಿಕ್ಸೆಲ್, ಕ್ಯಾಮೆರಾಗಳ ಸಂಖ್ಯೆ ಇವೆಲ್ಲ ಕೊನೆಗೆ ತೀರ್ಮಾನವಾಗಬೇಕಾದವು. ಮೊದಲು ತೀರ್ಮಾನವಾಗಬೇಕಾದ್ದು, ಪ್ರತಿ ಕ್ಯಾಮೆರಾ ನಿಮ್ಮ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಎಂಬುದು.

ನಮ್ಮ ಕಾಫಿಪುಡಿ, ಮೆಣಸಿನ ಅಂಗಡಿಯಲ್ಲೇ ಇದು ಆಗಿದೆ. ಹಿಂದಿನ ಗೋಡೌನಿನಿಂದ ಕರಿಮೆಣಸಿನ ಎರಡು ಚೀಲ ಹೋದವು. ರೆಕಾರ್ಡಿಂಗ್ ಇತ್ತು. ಪರದೆಯ ಮೇಲೆ ಒಬ್ಬ ಒಳಗೆ ಬಂದ, ಚೀಲ ಹೊತ್ತ, ಹೋದ. ಕಂಡದ್ದು ಅವನ ಟೋಪಿಯ ಮೇಲ್ಭಾಗ ಮತ್ತು ಎಡ ಹೆಗಲು ಮಾತ್ರ. ಕ್ಯಾಮೆರಾವನ್ನು ಹನ್ನೆರಡು ಅಡಿ ಎತ್ತರದಲ್ಲಿ, ಬಾಗಿಲ ನೆತ್ತಿಯ ಮೇಲೆ ಕೂರಿಸಿದ್ದರು. ಕ್ಯಾಮೆರಾ ಚೆನ್ನಾಗಿಯೇ ಇತ್ತು, ಜಾಗ ತಪ್ಪಾಗಿತ್ತು. ಆ ಒಂದು ತಪ್ಪಿನಿಂದ ಕಲಿತದ್ದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಶುರು ಮಾಡುವ ಮೊದಲು ಒಂದು ದೊಡ್ಡ ಹಾಳೆ, ಅಳತೆಯ ಟೇಪು, ಪೆನ್ನು, ನಿಮ್ಮ ಮೊಬೈಲು ಇಟ್ಟುಕೊಳ್ಳಿ. ಅರ್ಧ ದಿನ ಸಾಕು.

1. ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆಯಿರಿ

ಕಟ್ಟಡದ ನಕ್ಷೆಯನ್ನು ಕೈಯಲ್ಲೇ ಗೀಚಿ. ಬಾಗಿಲು, ಕಿಟಕಿ, ಗಲ್ಲಾ, ತೂಕದ ಯಂತ್ರ, ಲಾರಿ ನಿಲ್ಲುವ ಜಾಗ, ಕಣ, ಹಿಂದಿನ ಗೇಟು ಎಲ್ಲ ಗುರುತು ಮಾಡಿ. ಒಂದೊಂದು ಜಾಗದ ಪಕ್ಕದಲ್ಲೂ ನಿಮಗೆ ಏನು ತಿಳಿಯಬೇಕು ಎಂದು ಒಂದು ಸಾಲು ಬರೆಯಿರಿ. "ಒಳಗೆ ಬಂದವನ ಮುಖ." "ಗಲ್ಲಾದಲ್ಲಿ ಕೊಟ್ಟ ನೋಟು ಐನೂರೋ, ನೂರೋ." "ಲಾರಿಯ ನಂಬರು." "ತೂಕದ ಯಂತ್ರದ ಮೇಲಿನ ಅಂಕಿ." "ರಾತ್ರಿ ಕಣದಲ್ಲಿ ಯಾರಾದರೂ ಓಡಾಡಿದರೆ ಗೊತ್ತಾಗಬೇಕು, ಮುಖ ಬೇಡ."

ಹೀಗೆ ಬರೆದಾಗ ಒಂದು ವಿಷಯ ತಾನಾಗಿ ಹೊಳೆಯುತ್ತದೆ. ಒಂದೇ ಕ್ಯಾಮೆರಾ ಇಡೀ ಅಂಗಳವನ್ನೂ ತೋರಿಸಿ, ಗೇಟಿನಲ್ಲಿ ಬಂದವನ ಮುಖವನ್ನೂ ತೋರಿಸಲಾರದು. ಅಗಲ ಬೇಕೆಂದರೆ ವಿವರ ಹೋಗುತ್ತದೆ, ವಿವರ ಬೇಕೆಂದರೆ ಅಗಲ ಹೋಗುತ್ತದೆ. ಹೆಚ್ಚಿನವರು ಜಾರುವುದು ಇಲ್ಲಿಯೇ. ಅಳವಡಿಸಲು ಬಂದ ಹುಡುಗ ಮೊಬೈಲಿನಲ್ಲಿ ಇಡೀ ಅಂಗಳ ತೋರಿಸುತ್ತಾನೆ, ನಮಗೆ ಖುಷಿಯಾಗುತ್ತದೆ, ಸಹಿ ಹಾಕಿಬಿಡುತ್ತೇವೆ.

ಹಾಳೆಯಲ್ಲಿ ಹತ್ತು ಪ್ರಶ್ನೆ ಬಂದರೆ ಮುಖ್ಯವಾದ ಐದರ ಕೆಳಗೆ ಗೆರೆ ಎಳೆಯಿರಿ. ಐದು ಸರಿಯಾದ ಕ್ಯಾಮೆರಾ ಹದಿನಾರು ಅಡ್ಡಾದಿಡ್ಡಿ ಕ್ಯಾಮೆರಾಗಿಂತ ಎಷ್ಟೋ ವಾಸಿ.

2. ಟೇಪು ಹಿಡಿದು ದೂರ ಅಳೆಯಿರಿ, ಲೆನ್ಸ್ ಆರಿಸಿ

ಇದು ಇಡೀ ಕೆಲಸದ ಹೃದಯ. ದಯವಿಟ್ಟು ಈ ಭಾಗವನ್ನು ಎರಡು ಸಲ ಓದಿ.

ಕ್ಯಾಮೆರಾದ ಚಿತ್ರ ಎಂದರೆ ಚುಕ್ಕಿಗಳ ಸಾಲು. ಆ ಚುಕ್ಕಿಗೆ ಪಿಕ್ಸೆಲ್ ಎನ್ನುತ್ತಾರೆ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 1920 ಚುಕ್ಕಿ ಇರುತ್ತದೆ, 4 ಮೆಗಾಪಿಕ್ಸೆಲಿನದು 2560. ಈ ಚುಕ್ಕಿಗಳು ಎಷ್ಟು ಅಗಲದ ಜಾಗಕ್ಕೆ ಹಂಚಿಹೋಗುತ್ತವೆ ಎಂಬುದರ ಮೇಲೆ ಮುಖ ಕಾಣುತ್ತದೋ ಇಲ್ಲವೋ ನಿರ್ಧಾರವಾಗುತ್ತದೆ. ಕಣ್ಗಾವಲು ಕ್ಯಾಮೆರಾಗಳಿಗೆ ಅಂತರರಾಷ್ಟ್ರೀಯವಾಗಿ ಬಳಸುವ ಮಾನದಂಡ ಹೀಗಿದೆ: ಅಪರಿಚಿತನ ಮುಖವನ್ನು ಅನುಮಾನವಿಲ್ಲದೆ ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು. ಮೊದಲೇ ಗೊತ್ತಿರುವವನು, ಉದಾಹರಣೆಗೆ ನಿಮ್ಮ ಕೆಲಸಗಾರ, ಇವನೇ ಎಂದು ಹೇಳಲು 125. ಯಾರೋ ಮನುಷ್ಯ ಇದ್ದಾನೆ ಎಂದು ತಿಳಿಯಲು 25.

ಈಗ ಲೆಕ್ಕ ಮಾಡಿ. 1920ನ್ನು 250ರಿಂದ ಭಾಗಿಸಿದರೆ ಏಳೂವರೆ ಮೀಟರಿನ ಆಸುಪಾಸು, ಎಂದರೆ ಸುಮಾರು 25 ಅಡಿ. 2 ಮೆಗಾಪಿಕ್ಸೆಲ್ ಕ್ಯಾಮೆರಾ 25 ಅಡಿಗಿಂತ ಅಗಲದ ದೃಶ್ಯ ನೋಡುತ್ತಿದ್ದರೆ ಅದರಲ್ಲಿ ಅಪರಿಚಿತನ ಮುಖ ಸಿಗುವ ಭರವಸೆ ಇಲ್ಲ.

ಎಷ್ಟು ಅಗಲ ಕಾಣಬೇಕು ಎಂಬುದನ್ನು ಲೆನ್ಸ್ ನಿರ್ಧರಿಸುತ್ತದೆ. ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಲೆನ್ಸ್‌ಗಳು 2.8 ಮಿ.ಮೀ., 3.6 ಮಿ.ಮೀ., 6 ಮಿ.ಮೀ. ಅಂಕಿ ಚಿಕ್ಕದಾದಷ್ಟೂ ನೋಟ ಅಗಲ. 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 2.8ರ ಲೆನ್ಸ್ ಇದ್ದರೆ ಮುಖ ಖಚಿತವಾಗಿ ಸಿಗುವುದು ಸುಮಾರು 3 ಮೀಟರ್, ಹತ್ತಡಿಯವರೆಗೆ ಮಾತ್ರ. 3.6ರದಕ್ಕೆ 4 ಮೀಟರಿಗೆ ತುಸು ಹೆಚ್ಚು. 6ರದಕ್ಕೆ 8 ಮೀಟರಿನ ಹತ್ತಿರ, ಅಂದಾಜು 26 ಅಡಿ. ಸೆನ್ಸರ್ ನೋಡಿಕೊಂಡು ಈ ಅಂಕಿ ಅಲ್ಪಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ, ಆದರೆ ಅಂದಾಜಿಗೆ ಇಷ್ಟು ಸಾಕು.

ಗಲ್ಲಾದ ಮೇಲೆ ಹತ್ತಡಿಯೊಳಗೆ 2.8 ಸರಿ. ಗೇಟು ಇಪ್ಪತ್ತೈದು ಅಡಿ ದೂರವಿದ್ದರೆ 6 ಬೇಕು. ಬಹಳ ಕಡೆ ಎಲ್ಲ ಕ್ಯಾಮೆರಾಗೂ 3.6 ಹಾಕಿ ಹೋಗುತ್ತಾರೆ, ಏಕೆಂದರೆ ಪೆಟ್ಟಿಗೆ ಪೂರ್ತಿ ಅದೇ ಬಂದಿರುತ್ತದೆ. ಪ್ರತಿ ಜಾಗಕ್ಕೂ ಯಾವ ಲೆನ್ಸ್ ಎಂದು ನಿಮ್ಮ ಹಾಳೆಯಲ್ಲಿ ಬರೆದಿಟ್ಟರೆ ಹಾಗೆ ಮಾಡಲು ಜಾಗವಿಲ್ಲ. ದೂರ ನಿರ್ಧಾರವಾಗದಿದ್ದರೆ ವೇರಿಫೋಕಲ್ ಲೆನ್ಸ್, ಅಂದರೆ ನೋಟದ ಅಗಲವನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಲೆನ್ಸ್, ಕೇಳಿ. ಬೆಲೆ ಹೆಚ್ಚು, ಗೇಟಿಗೆ ಮಾತ್ರ ಹಾಕಿಸಿದರೆ ಸಾಲುತ್ತದೆ.

ಎತ್ತರ ಮರೆಯಬೇಡಿ. ಮುಖ ಹಿಡಿಯಬೇಕಾದ ಕ್ಯಾಮೆರಾ ಏಳೂವರೆಯಿಂದ ಎಂಟು ಅಡಿ ಎತ್ತರದಲ್ಲಿ, ಬರುವವನ ಎದುರಿಗೆ ಇರಬೇಕು. ಯಾರಾದರೂ ಕೈ ಹಾಕಿ ತಿರುಗಿಸುತ್ತಾರೆ ಎಂಬ ಭಯವಿದ್ದರೆ ಅದನ್ನೇ ನೋಡುತ್ತಿರುವ ಇನ್ನೊಂದು ಕ್ಯಾಮೆರಾ ಮೇಲೆ ಇಡಿ. ಅಗಲ ನೋಟದ ಕ್ಯಾಮೆರಾ ಹನ್ನೆರಡು ಹದಿನೈದು ಅಡಿ ಮೇಲಿದ್ದರೂ ತೊಂದರೆಯಿಲ್ಲ.

ಒಂದು ಸುಲಭ ಪರೀಕ್ಷೆ ಇದೆ. ಕ್ಯಾಮೆರಾ ಬರಬೇಕಾದ ಜಾಗದಲ್ಲಿ ಏಣಿ ಹತ್ತಿ ನಿಲ್ಲಿ. ಮೊಬೈಲನ್ನು ಅಡ್ಡ ಹಿಡಿದು ಫೋಟೋ ತೆಗೆಯಿರಿ, ಮನೆಯವರೊಬ್ಬರು ಗೇಟಿನಲ್ಲಿ ಟೋಪಿ ಹಾಕಿಕೊಂಡು ನಿಲ್ಲಲಿ. ಅಲ್ಲಿ ಯಾವುದಾದರೂ ಕಂಬ, ಬೋರ್ಡು, ಗೋಣಿಚೀಲದ ಅಟ್ಟಿ, ಸಿಲ್ವರ್ ಮರದ ಕೊಂಬೆ ಅಡ್ಡ ಬರುತ್ತದೆಯೇ ನೋಡಿ. ಗೋಡೌನಿನಲ್ಲಿ ಚೀಲ ಖಾಲಿಯಿದ್ದಾಗ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ಜನವರಿಯಲ್ಲಿ ಅಟ್ಟಿ ಸೂರಿಗೆ ಮುಟ್ಟಿರುತ್ತದೆ.

ವಾಹನದ ನಂಬರು ಬೇಕಾದವರಿಗೆ ಒಂದು ಮಾತು. ರಾತ್ರಿ ಹೆಡ್‌ಲೈಟಿನ ಬೆಳಕಿಗೆ ಸಾಮಾನ್ಯ ಕ್ಯಾಮೆರಾದಲ್ಲಿ ನಂಬರ್ ಪ್ಲೇಟು ಬರೀ ಬಿಳಿ ಚೌಕವಾಗಿ ಕಾಣುತ್ತದೆ. ಇದಕ್ಕೆ ಪ್ರತ್ಯೇಕ ಕ್ಯಾಮೆರಾ, ಕಿರಿದಾದ ನೋಟ, ಕಡಿಮೆ ಎತ್ತರ, ವೇಗದ ಶಟರ್ ಬೇಕು. ಜೊತೆಗೆ ವಾಹನ ನಿಧಾನವಾಗಲು ಗೇಟಿನಲ್ಲಿ ಒಂದು ಹಂಪ್ ಹಾಕಿಸಿ. ಇಷ್ಟು ಮಾಡದೆ "ನಂಬರೂ ಬರುತ್ತದೆ" ಎಂದು ಹೇಳುವವರನ್ನು ನಂಬಬೇಡಿ.

3. ತಂತಿಯ ದಾರಿ ತೀರ್ಮಾನಿಸಿ

ಸಾಮಾನ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಡಿವಿಆರ್ ವ್ಯವಸ್ಥೆ. ಡಿವಿಆರ್ ಎಂದರೆ ಚಿತ್ರವನ್ನು ದಾಖಲಿಸಿಡುವ ರೆಕಾರ್ಡರ್ ಪೆಟ್ಟಿಗೆ. ಕೋಆಕ್ಸ್ ತಂತಿಯಲ್ಲಿ ಚಿತ್ರ ಬರುತ್ತದೆ, ಪ್ರತ್ಯೇಕ ತಂತಿಯಲ್ಲಿ 12 ವೋಲ್ಟ್ ಕರೆಂಟು ಹೋಗುತ್ತದೆ. ಅಂಗಡಿಯವರು "3+1 ಕೇಬಲ್" ಎನ್ನುವುದು ಇದನ್ನೇ. ಅಗ್ಗ, ಸುಲಭ, ರಿಪೇರಿ ಮಾಡುವವರು ಬೇಲೂರಿನಲ್ಲೂ ಸಿಗುತ್ತಾರೆ, ಕೊಪ್ಪದಲ್ಲೂ ಸಿಗುತ್ತಾರೆ. ನಾಲ್ಕರಿಂದ ಎಂಟು ಕ್ಯಾಮೆರಾದ ಅಂಗಡಿಗೆ ನನ್ನ ಮಟ್ಟಿಗೆ ಇದು ಸಾಕು.

ಎರಡನೆಯದು ನೆಟ್‌ವರ್ಕಿನಲ್ಲಿ ಚಿತ್ರ ಕಳಿಸುವ ಐಪಿ ಕ್ಯಾಮೆರಾ, ಅದರ ರೆಕಾರ್ಡರ್ ಎನ್‌ವಿಆರ್. ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ಒಂದರಲ್ಲೇ ಚಿತ್ರವೂ ಕರೆಂಟೂ ಹೋಗುತ್ತವೆ. ಇದನ್ನು ಪಿಒಇ ಎನ್ನುತ್ತಾರೆ. ಚಿತ್ರ ಸ್ಪಷ್ಟ, ಮುಂದೆ ವಿಸ್ತರಿಸುವುದು ಸುಲಭ. ಒಂದು ಕೇಬಲ್ 100 ಮೀಟರ್ ದಾಟಬಾರದು. ದೊಡ್ಡ ಹೋಟೆಲು, ಕಾಫಿ ಕ್ಯೂರಿಂಗ್ ವರ್ಕ್ಸ್, ಕಲ್ಯಾಣ ಮಂಟಪ, ಎರಡು ಮೂರು ಕಟ್ಟಡ ಇರುವವರಿಗೆ ಇದೇ ಸರಿ.

ಮೂರನೆಯದು ಸಿಮ್ ಹಾಕುವ, ಸೋಲಾರ್ ಪ್ಯಾನೆಲಿನ ಕ್ಯಾಮೆರಾ. ತೋಟದ ಒಳಗೆ, ಪಂಪ್‌ಹೌಸಿನ ಹತ್ತಿರ, ಕರೆಂಟಿಲ್ಲದ ಕಡೆ ಬೇರೆ ದಾರಿ ಇಲ್ಲ. ಆದರೆ ಎರಡು ಎಚ್ಚರಿಕೆ. ಮೂಡಿಗೆರೆ, ಶೃಂಗೇರಿ, ಸಕಲೇಶಪುರದ ಕಡೆ ಆರಿದ್ರಾದಿಂದ ಆಶ್ಲೇಷ ಮಳೆಯವರೆಗೆ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ, ಚಿಕ್ಕ ಪ್ಯಾನೆಲಿನ ಬ್ಯಾಟರಿ ಸೋಲುತ್ತದೆ. ಎರಡನೆಯದಾಗಿ, ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ದಿನವಿಡೀ ಕಳಿಸಿದರೆ 21.6 ಜಿಬಿ ಡೇಟಾ ಬೇಕು. ಮೊಬೈಲಿನ ಸಾಮಾನ್ಯ ದಿನದ ಪ್ಯಾಕ್ ಇದಕ್ಕೆ ಸಾಲದು. ಆದ್ದರಿಂದ ರೆಕಾರ್ಡಿಂಗ್ ಕ್ಯಾಮೆರಾದ ಒಳಗಿನ ಮೆಮೊರಿ ಕಾರ್ಡಿನಲ್ಲೇ ಆಗಲಿ, ಮನುಷ್ಯ ಕಂಡಾಗ ಮಾತ್ರ ನಿಮ್ಮ ಮೊಬೈಲಿಗೆ ಎಚ್ಚರಿಕೆ ಬರಲಿ. ಕೊಳ್ಳುವ ಮೊದಲು ಆ ಜಾಗದಲ್ಲೇ ಸಿಗ್ನಲ್ ನೋಡಿ. ಮನೆ ಜಗಲಿಯಲ್ಲಿ ನಾಲ್ಕು ಗೆರೆ ಬಂದರೆ ಕಣದಲ್ಲಿ ಒಂದೂ ಇಲ್ಲದಿರಬಹುದು.

ಇನ್ನು ವೈಫೈ ಕ್ಯಾಮೆರಾ. ಮನೆಗೆ ಆಗಬಹುದು. ವ್ಯಾಪಾರಕ್ಕೆ ಮುಖ್ಯ ಕ್ಯಾಮೆರಾವಾಗಿ ನಾನು ಹೇಳುವುದಿಲ್ಲ.

ತಂತಿಯ ಗುಣಮಟ್ಟದಲ್ಲಿ ಹಣ ಉಳಿಸಲು ಹೋಗಬೇಡಿ. ತಾಮ್ರದ ಲೇಪನ ಮಾಡಿದ ಅಲ್ಯೂಮಿನಿಯಂ ತಂತಿ ನೋಡಲು ತಾಮ್ರದಂತೆಯೇ ಇರುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಇಂಥ ತೆಳು ತಂತಿಯಲ್ಲಿ 12 ವೋಲ್ಟ್ ಅರವತ್ತೆಪ್ಪತ್ತು ಮೀಟರ್ ಹೋಗುವಷ್ಟರಲ್ಲಿ ಸೊರಗಿಬಿಡುತ್ತದೆ. ಹಗಲು ಚಿತ್ರ ಸರಿಯಾಗಿರುತ್ತದೆ. ಕತ್ತಲಾಗಿ ಕ್ಯಾಮೆರಾದ ಕೆಂಪು ದೀಪಗಳು ಹತ್ತಿದ ಕೂಡಲೇ ಕರೆಂಟು ಸಾಲದೆ ಚಿತ್ರ ಮಿನುಗುತ್ತದೆ, ಆರುತ್ತದೆ, ಮತ್ತೆ ಬರುತ್ತದೆ. "ರಾತ್ರಿ ಮಾತ್ರ ಕ್ಯಾಮೆರಾ ಹೋಗುತ್ತದೆ" ಎಂದು ಹೇಳುವವರಲ್ಲಿ ಬಹುಪಾಲಿನವರ ಕಾಯಿಲೆ ಇದೇ. ಕ್ಯಾಮೆರಾ ಬದಲಿಸುವ ಮೊದಲು ತಂತಿ ನೋಡಿಸಿ.

4. ಮಳೆ, ಮಂಜು, ಜೇಡಕ್ಕೆ ತಕ್ಕ ಕ್ಯಾಮೆರಾ

ಬಯಲುಸೀಮೆಗೆ ಬರೆದ ಸಲಹೆ ಮಲೆನಾಡಿಗೆ ಆಗುವುದಿಲ್ಲ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಧೂಳಿನದೇ ಚಿಂತೆ. ಮೂಡಿಗೆರೆಯ ಗೋಡೌನಿಗೆ ನೀರು, ಮಂಜು, ಹುಳ.

ಹೊರಗಿನ ಕ್ಯಾಮೆರಾಗೆ ಐಪಿ66 ಅಥವಾ ಐಪಿ67 ಎಂದು ಬರೆದಿರಬೇಕು. ಧೂಳು, ನೀರು ಒಳಹೋಗದಂತೆ ತಡೆಯುವ ಮಟ್ಟವನ್ನು ಈ ಅಂಕಿ ಹೇಳುತ್ತದೆ. ಕ್ಯಾಮೆರಾ ತಡೆದುಕೊಂಡರೂ ಹಿಂದೆ ನೇತಾಡುವ ಕನೆಕ್ಟರ್ ತಡೆಯುವುದಿಲ್ಲ. ಆ ಗಂಟು ಜಂಕ್ಷನ್ ಬಾಕ್ಸಿನ ಒಳಗೆ ಇರಲಿ, ತಂತಿ ಬಾಕ್ಸಿಗೆ ಕೆಳಗಿನಿಂದ ಒಳಹೋಗಲಿ. ಮೇಲಿನಿಂದ ಹೋದರೆ ತಂತಿಯ ಮೈ ಹಿಡಿದು ನೀರು ನೇರ ಒಳಗೆ ಇಳಿಯುತ್ತದೆ. ಟೇಪು ಸುತ್ತಿ ಬಿಟ್ಟ ಗಂಟು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಸಿರು ಕಿಲುಬು ಹಿಡಿಯುತ್ತದೆ.

ಗುಮ್ಮಟದ ಆಕಾರದ ಡೋಮ್ ಕ್ಯಾಮೆರಾ ಒಳಗಿಗೆ ಚೆಂದ. ಹೊರಗೆ, ಮಳೆ ಬೀಸುವ ಪಶ್ಚಿಮದ ಗೋಡೆಗೆ ಬೇಡ. ಗಾಜಿನ ಮೇಲೆ ಹನಿ ನಿಂತು ರಾತ್ರಿ ಎಲ್ಲ ಮಸುಕು. ಹಣೆಯ ಮೇಲೆ ಸಣ್ಣ ಮರೆ ಇರುವ ಕೊಳವೆಯಾಕಾರದ ಬುಲೆಟ್ ಕ್ಯಾಮೆರಾ ಸೂರಿನ ಅಡಿಯಲ್ಲಿ ಕೂರಿಸಿ.

ಹೆಚ್ಚಿನ ಕ್ಯಾಮೆರಾಗಳು ಕತ್ತಲಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು ನೋಡುತ್ತವೆ. ಆ ದೀಪಗಳ ಬಿಸುಪಿಗೆ ಹುಳ ಬರುತ್ತದೆ, ಹುಳದ ಹಿಂದೆ ಜೇಡ ಬರುತ್ತದೆ. ಲೆನ್ಸಿನ ಮುಂದೆ ಒಂದೇ ಎಳೆ ಬಲೆ ಇದ್ದರೂ ಪರದೆಯ ಅಡ್ಡಕ್ಕೆ ದಪ್ಪ ಬೆಳ್ಳನೆಯ ಹಗ್ಗ ಅಲ್ಲಾಡಿದ ಹಾಗೆ ಕಾಣುತ್ತದೆ, ಅದರ ಹೊಳಪಿಗೆ ಹಿಂದಿನ ಅಂಗಳವೆಲ್ಲ ಕಪ್ಪಾಗುತ್ತದೆ. ಮಂಜಿನಲ್ಲೂ ಹೀಗೆಯೇ, ಬೆಳಕು ಮಂಜಿಗೆ ಬಡಿದು ವಾಪಸು ಬಂದು ಬಿಳಿ ಪರದೆ. ಇದಕ್ಕೆ ದುಬಾರಿ ಕ್ಯಾಮೆರಾ ಪರಿಹಾರವಲ್ಲ. ಕ್ಯಾಮೆರಾದಿಂದ ಏಳೆಂಟು ಅಡಿ ಪಕ್ಕಕ್ಕೆ ಒಂದು ಎಲ್‌ಇಡಿ ದೀಪ ಹಾಕಿಸಿ, ರಾತ್ರಿಯಿಡೀ ಉರಿಯಲಿ. ಚಿತ್ರ ಬಣ್ಣದಲ್ಲೇ ಬರುತ್ತದೆ, ಹುಳ ದೀಪದ ಕಡೆ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಉದ್ದ ಕೋಲಿಗೆ ಒಣ ಬಟ್ಟೆ ಕಟ್ಟಿ ಬಲೆ ತೆಗೆಯುವ ಕೆಲಸವನ್ನು ಒಬ್ಬರ ಹೆಸರಿಗೆ ಬರೆದಿಡಿ. ಎಲ್ಲರ ಕೆಲಸ ಎಂದರೆ ಯಾರೂ ಮಾಡುವುದಿಲ್ಲ.

ರಸ್ತೆಗೆ ಮುಖ ಮಾಡಿದ ಅಂಗಡಿಗಳಲ್ಲಿ ಒಳಗಿನಿಂದ ಬಾಗಿಲ ಕಡೆ ನೋಡುವ ಕ್ಯಾಮೆರಾಗೆ ಬೆಳಕು ಎದುರಾಗುತ್ತದೆ. ಬಂದವರೆಲ್ಲ ಕಪ್ಪು ನೆರಳು. ಆ ಒಂದು ಜಾಗಕ್ಕೆ ಡಬ್ಲ್ಯುಡಿಆರ್ ಇರುವ ಕ್ಯಾಮೆರಾ ಬೇಕು. ಇದು ಕತ್ತಲು ಬೆಳಕು ಎರಡನ್ನೂ ಸರಿದೂಗಿಸುವ ಸೌಲಭ್ಯ. ವಿವರಪಟ್ಟಿಯಲ್ಲಿ 120 ಡಿಬಿ ಎಂದು ಇರಲಿ. "ಡಿಜಿಟಲ್ ಡಬ್ಲ್ಯುಡಿಆರ್" ಎಂದು ಬರೆದಿದ್ದರೆ ಅದು ಅಷ್ಟು ಕೆಲಸ ಮಾಡುವುದಿಲ್ಲ.

5. ಎಷ್ಟು ದಿನದ ರೆಕಾರ್ಡಿಂಗ್? ಹಾರ್ಡ್‌ಡಿಸ್ಕ್ ಲೆಕ್ಕ

ಕಳವು ಗೊತ್ತಾಗುವುದು ಕಳವಾದ ದಿನವಲ್ಲ. ಗೋಡೌನಿನ ಚೀಲ ಎಣಿಸುವುದು ತಿಂಗಳಿಗೊಮ್ಮೆ ಆದರೆ ಹತ್ತು ದಿನದ ರೆಕಾರ್ಡಿಂಗ್ ಇದ್ದೇನು ಫಲ? ನಿಮ್ಮ ಸ್ಟಾಕ್ ಎಣಿಕೆಯ ಅವಧಿಗಿಂತ ರೆಕಾರ್ಡಿಂಗ್ ಉದ್ದ ಇರಬೇಕು.

ಲೆಕ್ಕ ಸುಲಭ. ಎಚ್.265 ಎಂಬ ಒತ್ತುವಿಧಾನದಲ್ಲಿ 2 ಮೆಗಾಪಿಕ್ಸೆಲ್ ಕ್ಯಾಮೆರಾಗೆ ಸೆಕೆಂಡಿಗೆ 2 ಮೆಗಾಬಿಟ್ ಹಿಡಿಯಿರಿ. ದಿನಕ್ಕೆ 21.6 ಜಿಬಿ. ನಾಲ್ಕು ಕ್ಯಾಮೆರಾಗೆ 86.4 ಜಿಬಿ, ಅಂದರೆ 1 ಟಿಬಿ ಡಿಸ್ಕಿನಲ್ಲಿ ಹನ್ನೊಂದು ದಿನ. ಎಂಟು ಕ್ಯಾಮೆರಾ, 30 ದಿನ ಎಂದರೆ 5.2 ಟಿಬಿ, ಹಾಗಾಗಿ 6 ಟಿಬಿ ಡಿಸ್ಕ್. ಹಳೆಯ ಎಚ್.264 ಆದರೆ ಹೆಚ್ಚುಕಡಿಮೆ ಇದರ ದುಪ್ಪಟ್ಟು. ಕೊಟೇಷನ್ನಿನಲ್ಲಿ ಎಂಟು ಕ್ಯಾಮೆರಾಗೆ 1 ಟಿಬಿ ಎಂದು ಬರೆದಿದ್ದರೆ ಅದು ಐದಾರು ದಿನಕ್ಕೆ ಮಾತ್ರ ಎಂದು ನಿಮಗೆ ಈಗ ಗೊತ್ತಾಯಿತು.

"ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಮಾಡಿದರೆ ಜಾಗ ಉಳಿಯುತ್ತದಲ್ಲ" ಎನ್ನುತ್ತಾರೆ. ಒಳಗಿನ ಕ್ಯಾಮೆರಾಗೆ ಆಗಬಹುದು. ಹೊರಗೆ ಮಳೆ ಹನಿಯೂ ಚಲನೆ, ಗಾಳಿಗೆ ತೂಗುವ ಕೊಂಬೆಯೂ ಚಲನೆ. ಜಾಗ ಉಳಿಯುವುದಿಲ್ಲ, ಬೇಕಾದ ಕ್ಷಣವೇ ತಪ್ಪುವ ಸಾಧ್ಯತೆ ಇದೆ.

ಡಿಸ್ಕ್ ಕಣ್ಗಾವಲಿಗೆಂದೇ ಮಾಡಿದ್ದಾಗಿರಲಿ. ಕಂಪ್ಯೂಟರಿನ ಸಾಮಾನ್ಯ ಡಿಸ್ಕ್ ಹಗಲೂ ರಾತ್ರಿ ಬರೆಯುವ ಕೆಲಸಕ್ಕೆ ತಯಾರಾದದ್ದಲ್ಲ.

6. ಕರೆಂಟು ಮತ್ತು ಸಿಡಿಲು

ಚಿಕ್ಕಮಗಳೂರಿಗೆ ಮೆಸ್ಕಾಂ, ಹಾಸನಕ್ಕೆ ಚಾಮುಂಡೇಶ್ವರಿ ವಿದ್ಯುತ್ ಕಂಪನಿ. ಕಂಪನಿ ಯಾವುದಾದರೂ ತಂತಿಯ ಮೇಲೆ ಮರ ಬೀಳುವುದು ಒಂದೇ. ಮಳೆಗಾಲದಲ್ಲಿ ಒಂದು ರಾತ್ರಿ ಪೂರ್ತಿ ಕರೆಂಟು ಇಲ್ಲದಿರುವುದು ನಮಗೆ ಹೊಸದಲ್ಲ, ಅಂಥ ರಾತ್ರಿಯನ್ನೇ ಕಳ್ಳರೂ ಕಾಯುತ್ತಾರೆ.

ಎಂಟು ಕ್ಯಾಮೆರಾ, ಡಿವಿಆರ್, ರೂಟರ್ ಸೇರಿ 70 ವ್ಯಾಟ್ ಆಸುಪಾಸು ಎಳೆಯುತ್ತವೆ. ಕಂಪ್ಯೂಟರಿಗೆ ಇಡುವ 600 ವಿಎ ಯುಪಿಎಸ್‌ನೊಳಗೆ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್ ಅವರ್‌ನ ಬ್ಯಾಟರಿ ಇರುತ್ತದೆ. ಇದು ಒಂದು ಗಂಟೆಯೂ ಬರುವುದಿಲ್ಲ. 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರ್ ಇದ್ದರೆ, ಅದಕ್ಕೆ ಫ್ಯಾನು, ಫ್ರಿಜ್ಜು ಜೋಡಿಸದಿದ್ದರೆ, ರಾತ್ರಿಯಿಡೀ ನಡೆಯುತ್ತದೆ. ರೂಟರ್ ಮತ್ತು ಇಂಟರ್‌ನೆಟ್ಟಿನ ಓಎನ್‌ಟಿ ಪೆಟ್ಟಿಗೆಯನ್ನೂ ಅದೇ ಇನ್ವರ್ಟರಿಗೆ ಕೊಡಿ. ಇಲ್ಲದಿದ್ದರೆ ರೆಕಾರ್ಡ್ ಆಗುತ್ತಿರುತ್ತದೆ, ನಿಮ್ಮ ಮೊಬೈಲಿಗೆ ಮಾತ್ರ ಏನೂ ಬರುವುದಿಲ್ಲ.

ಸಿಡಿಲಿನ ವಿಷಯ ಇನ್ನೂ ಗಂಭೀರ. ಅಶ್ವಿನಿ, ಭರಣಿ ಮಳೆಯ ಗುಡುಗಿಗೆ ನಮ್ಮ ಕಡೆ ಸುಟ್ಟುಹೋಗುವ ಡಿವಿಆರ್‌ಗಳಿಗೆ ಲೆಕ್ಕವಿಲ್ಲ. ಸಿಡಿಲು ಕ್ಯಾಮೆರಾದ ಮೇಲೇ ಬೀಳಬೇಕೆಂದಿಲ್ಲ. ಹತ್ತಿರದಲ್ಲಿ ಬಿದ್ದರೂ ಹೊರಗೆ ಎಳೆದ ಉದ್ದ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಏರಿ, ಒಳಗಿರುವ ರೆಕಾರ್ಡರಿನ ಎಲ್ಲ ದ್ವಾರಗಳನ್ನೂ ಒಟ್ಟಿಗೆ ಸುಡುತ್ತದೆ. ಹಾಗಾಗಿ ನಾಲ್ಕು ಕೆಲಸ ಮಾಡಿಸಿ.

ಒಂದು ಕಟ್ಟಡದಿಂದ ಇನ್ನೊಂದಕ್ಕೆ, ಮುಖ್ಯವಾಗಿ ಮನೆಯಿಂದ ಗೋಡೌನಿಗೆ ಅಥವಾ ಕಣಕ್ಕೆ, ತಾಮ್ರದ ತಂತಿ ಬೇಡ. ಅಲ್ಲಿ ಫೈಬರ್ ಕೇಬಲ್ ಎಳೆಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಎಂಬ ಪುಟ್ಟ ಪೆಟ್ಟಿಗೆ ಹಾಕಿಸಿ. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಬಲಕ್ಕೆಂದು ಉಕ್ಕಿನ ತಂತಿ ಸೇರಿಸಿದ ಫೈಬರೂ ಬರುತ್ತದೆ, ಲೋಹವಿಲ್ಲದ್ದನ್ನೇ ಕೇಳಿ. ಕರೆಂಟನ್ನು ಆ ಕಟ್ಟಡದ ಸ್ವಂತ ಲೈನಿನಿಂದಲೇ ಕೊಡಿ.

ತಂತಿಗಳು ಮರದಿಂದ ಮರಕ್ಕೆ ತೂಗದಿರಲಿ. ಎರಡಡಿ ಆಳದಲ್ಲಿ ಪೈಪಿನೊಳಗೆ ಹೋಗಲಿ.

ಮೇನ್ ಬೋರ್ಡಿನಲ್ಲೂ, ರೆಕಾರ್ಡರಿಗೆ ಬರುವ ಹೊರಗಿನ ತಂತಿಗಳಲ್ಲೂ ಸರ್ಜ್ ಪ್ರೊಟೆಕ್ಟರ್ ಇರಲಿ. ಇದು ಏರಿದ ವೋಲ್ಟೇಜನ್ನು ಭೂಮಿಗೆ ಇಳಿಸುವ ಸಾಧನ. ಅರ್ಥಿಂಗ್ ಸರಿಯಿಲ್ಲದಿದ್ದರೆ ಇದಕ್ಕೆ ಇಳಿಸಲು ದಾರಿಯೇ ಇಲ್ಲ. ಅರ್ಥಿಂಗ್ ಗುಂಡಿಯನ್ನು ಮಾರ್ಚ್ ತಿಂಗಳಲ್ಲಿ, ನೆಲ ಒಣಗಿದ್ದಾಗ, ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳತೆ ಮಾಡಿಸಿ. ಕೊನೆಯದಾಗಿ, ಗುಡುಗು ಜೋರಾದಾಗ ಪ್ಲಗ್ ಕಿತ್ತರೆ ಸಾಲದು, ಹೊರಗಿನ ಕ್ಯಾಮೆರಾ ತಂತಿಗಳು ಇನ್ನೂ ಜೋಡಿಸಿಯೇ ಇರುತ್ತವೆ ಎಂಬುದು ನೆನಪಿರಲಿ.

ಮಾರಾಟಗಾರರು ಕೊಡುವ ವಾರಂಟಿಯಲ್ಲಿ ಸಿಡಿಲಿನ ಹಾನಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಅಂಗಡಿಗೆ ವಿಮೆ ಇದ್ದರೆ ಎಲೆಕ್ಟ್ರಾನಿಕ್ ಉಪಕರಣ ಅದರಲ್ಲಿ ಸೇರಿದೆಯೇ ಎಂದು ಏಜೆಂಟರನ್ನು ಕೇಳಿ.

7. ಈಗ ಕೊಟೇಷನ್ ಕೇಳಿ

ನಿಮ್ಮ ಹಾಳೆಯ ಫೋಟೋಪ್ರತಿಯನ್ನು ಅಳವಡಿಸುವ ಮೂರು ಜನಕ್ಕೆ ಕೊಡಿ. ಮೂವರಿಗೂ ಒಂದೇ ಹಾಳೆ. ಆಗ ಬೆಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಕ್ಯಾಮೆರಾದ ಪೂರ್ತಿ ಮಾಡೆಲ್ ನಂಬರು, ಲೆನ್ಸಿನ ಅಳತೆ, ಡಿಸ್ಕಿನ ಸಾಮರ್ಥ್ಯ, ತಂತಿಯ ಕಂಪನಿ ಮತ್ತು ಮೀಟರು, ಜಿಎಸ್‌ಟಿ ಸೇರಿದ ಮೊತ್ತ, ಇವೆಲ್ಲ ಬರವಣಿಗೆಯಲ್ಲಿ ಇರಬೇಕು. "8 ಕ್ಯಾಮೆರಾ ಸೆಟ್" ಎಂದು ಒಂದೇ ಸಾಲು ಬರೆದುಕೊಟ್ಟರೆ ವಾಪಸು ಕೊಡಿ.

2025ರ ಏಪ್ರಿಲ್‌ನಿಂದ ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ಕೇಂದ್ರ ಸರ್ಕಾರದ ಹೊಸ ಸುರಕ್ಷತಾ ನಿಯಮಗಳಿಗೆ ಒಳಪಟ್ಟಿವೆ. ಕ್ಯಾಮೆರಾದ ತಂತ್ರಾಂಶದಲ್ಲಿ ಕಳ್ಳದಾರಿಗಳಿಲ್ಲವೆಂದು ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿ, ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿ ಆಗಿರಬೇಕು. ಪೆಟ್ಟಿಗೆಯ ಮೇಲೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ. ಹಳೇ ದಾಸ್ತಾನನ್ನು ಅಗ್ಗಕ್ಕೆ ತಳ್ಳುವವರೂ ಇದ್ದಾರೆ.

ಕಂಪನಿಗಿಂತಲೂ ನಾನು ತೂಗಿ ನೋಡುವುದು, ಕೆಟ್ಟಾಗ ಬರುವವರು ಎಲ್ಲಿದ್ದಾರೆ ಎಂಬುದನ್ನು. ಬೆಂಗಳೂರಿನಿಂದ ಬಂದು ಹಾಕಿಹೋದವರು ಜುಲೈ ತಿಂಗಳಲ್ಲಿ ಒಂದು ಕನೆಕ್ಟರಿಗಾಗಿ ಅಷ್ಟು ದೂರದಿಂದ ಬರುವುದಿಲ್ಲ. ಅದೇ ಊರಿನಲ್ಲಿ ಅವರು ಎರಡು ವರ್ಷದ ಹಿಂದೆ ಹಾಕಿದ ಒಂದು ಅಂಗಡಿಯ ಹೆಸರು ಕೇಳಿ, ಹೋಗಿ ನೋಡಿ, ಮಾಲೀಕರನ್ನು ಮಾತಾಡಿಸಿ. ಹಣ ಪೂರ್ತಿ ಮುಂಗಡ ಕೊಡಬೇಡಿ. ಒಂದು ಭಾಗ ರಾತ್ರಿ ಪರೀಕ್ಷೆ ಮುಗಿದ ಮೇಲೆ.

8. ಅಳವಡಿಸಿದ ದಿನ, ಅವರು ಹೊರಡುವ ಮೊದಲು

ಪಾಸ್‌ವರ್ಡ್ ನಿಮ್ಮ ಕೈಯಿಂದಲೇ ಹಾಕಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳ ಒಳಹೊಕ್ಕದ್ದು ಕಾರ್ಖಾನೆಯಲ್ಲಿ ಇಟ್ಟಿದ್ದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ ಎಂಬ ಮುಖ್ಯ ಕಾರಣಕ್ಕೆ. ಅಂಗಡಿಯ ಹೆಸರು, ಫೋನ್ ನಂಬರು ಪಾಸ್‌ವರ್ಡ್ ಆಗಬಾರದು. ಮೊಬೈಲ್ ಆ್ಯಪಿನ ಖಾತೆ ನಿಮ್ಮ ನಂಬರಿನಲ್ಲೇ ತೆರೆಯಲಿ. ಅಳವಡಿಸುವವರು "ನನ್ನದರಲ್ಲಿ ಸೇರಿಸಿ ನಿಮಗೆ ಶೇರ್ ಮಾಡುತ್ತೇನೆ" ಎಂದರೆ ಬೇಡವೆನ್ನಿ. ಮುಂದೆ ಅವರ ಫೋನು ಕಳೆದರೂ, ಅವರೊಂದಿಗೆ ಮನಸ್ತಾಪವಾದರೂ ನಿಮ್ಮ ಕ್ಯಾಮೆರಾ ನಿಮ್ಮದಾಗಿ ಉಳಿಯುವುದಿಲ್ಲ. ಮ್ಯಾನೇಜರಿಗೆ, ತೋಟದ ಲೆಕ್ಕ ಬರೆಯುವ ರೈಟರಿಗೆ ಬರೀ ನೋಡುವ ಅವಕಾಶದ ಪ್ರತ್ಯೇಕ ಲಾಗಿನ್ ಮಾಡಿಕೊಡಿ, ಅಳಿಸುವ ಅಧಿಕಾರ ಬೇಡ.

ರೆಕಾರ್ಡರ್ ಗಲ್ಲಾದ ಕೆಳಗೆ ಇರಬಾರದು. ಕಳ್ಳ ಮೊದಲು ಕೀಳುವುದೇ ಅದನ್ನು. ಬೀಗ ಹಾಕುವ, ಗಾಳಿಯಾಡುವ ಕಪಾಟಿನಲ್ಲಿ, ಬೇರೆ ಕೋಣೆಯಲ್ಲಿ ಇಡಿಸಿ.

ಗಡಿಯಾರ ನೋಡಿ. ಭಾರತೀಯ ಕಾಲಮಾನ, ಇಂಟರ್‌ನೆಟ್ಟಿನಿಂದ ತಾನೇ ಸರಿಹೋಗುವ ವ್ಯವಸ್ಥೆ ಆನ್ ಇರಲಿ. ಮೊಬೈಲಿನ ಗಡಿಯಾರದ ಪಕ್ಕ ಹಿಡಿದು ಸೆಕೆಂಡು ಸೇರಿ ಹೋಲಿಸಿ.

ರಾತ್ರಿ ಎಂಟರ ನಂತರ ಪರೀಕ್ಷೆ ಮಾಡಿ. ಒಬ್ಬರು ಟೋಪಿ ಹಾಕಿ ಗೇಟಿನಿಂದ ಗಲ್ಲಾದವರೆಗೆ ನಡೆಯಲಿ, ಬೈಕು ಒಂದು ಒಳಗೆ ಬರಲಿ. ಲೈವ್ ಚಿತ್ರ ನೋಡಿ ಬಿಡಬೇಡಿ, ರೆಕಾರ್ಡಿಂಗನ್ನು ಹಿಂದಕ್ಕೆ ಓಡಿಸಿ, ನಿಲ್ಲಿಸಿ, ಮುಖ ದೊಡ್ಡದು ಮಾಡಿ ನೋಡಿ. ಪೆನ್‌ಡ್ರೈವಿಗೆ ಐದು ನಿಮಿಷ ಕಾಪಿ ಮಾಡುವುದನ್ನು ನೀವೇ ಒಮ್ಮೆ ಮಾಡಿ ಕಲಿಯಿರಿ. ಹಾಳೆಯ ಒಂದೊಂದು ಪ್ರಶ್ನೆಗೂ ಟಿಕ್ ಹಾಕುತ್ತ ಬನ್ನಿ. ಉಳಿದ ಹಣ ಆಮೇಲೆ.

9. ಕಾನೂನು ಹೇಳುವುದು

ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಕಾಯ್ದೆ 2017ರ ಪ್ರಕಾರ ಒಮ್ಮೆಗೆ 100 ಜನ ಅಥವಾ ದಿನಕ್ಕೆ 500 ಜನ ಬಂದುಹೋಗುವ ಸಂಸ್ಥೆಗಳು ಕ್ಯಾಮೆರಾ ಹಾಕಲೇಬೇಕು, 30 ದಿನದ ರೆಕಾರ್ಡಿಂಗ್ ಇಟ್ಟಿರಬೇಕು. ದೊಡ್ಡ ಹೋಟೆಲು, ಆಸ್ಪತ್ರೆ, ಕಲ್ಯಾಣ ಮಂಟಪದವರು ಐದನೇ ಹಂತದ ಡಿಸ್ಕ್ ಲೆಕ್ಕವನ್ನು ಈ 30ಕ್ಕೆ ಹೊಂದಿಸಿಕೊಳ್ಳಿ.

ಹೋಂಸ್ಟೇ ನಡೆಸುವವರಿಗೆ ಖಡಾಖಂಡಿತವಾಗಿ ಹೇಳುತ್ತೇನೆ: ಅತಿಥಿಗಳ ಕೋಣೆ, ಸ್ನಾನಗೃಹ, ಬಟ್ಟೆ ಬದಲಿಸುವ ಜಾಗ, ಅವುಗಳ ಕಿಟಕಿಯ ಕಡೆಗೆ ತಿರುಗಿದ ಯಾವ ಕ್ಯಾಮೆರಾವೂ ಇರಬಾರದು. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಅಡಿಯಲ್ಲಿ ಅಪರಾಧ. ಪಾರ್ಕಿಂಗ್, ಗೇಟು, ರಿಸೆಪ್ಷನ್ ಸಾಕು. ಎಲ್ಲೆಲ್ಲಿ ಕ್ಯಾಮೆರಾ ಇದೆ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೋರ್ಡು ಹಾಕಿ. ಪಕ್ಕದ ಮನೆಯ ಅಂಗಳ, ಕೆಲಸಗಾರರ ಲೈನ್ ಮನೆಗಳ ಬಾಗಿಲು ಚಿತ್ರದಲ್ಲಿ ಬಂದರೆ ಪ್ರೈವಸಿ ಮಾಸ್ಕ್ ಎಂಬ ಸೌಲಭ್ಯದಿಂದ ಆ ಭಾಗವನ್ನು ಕಪ್ಪು ಮಾಡಿ. ಕೆಲಸಗಾರರಿಗೆ ಮೊದಲೇ ತಿಳಿಸಿ. ಅವರೂ ನಿಮ್ಮನ್ನು ನಂಬಿ ಬಂದವರು.

10. ಕಳವಾದರೆ

ಗಾಬರಿಯಲ್ಲಿ ರೆಕಾರ್ಡರಿನ ಮೇಲೆ ಕೈ ಹಾಕಬೇಡಿ. ಡಿಸ್ಕ್ ತುಂಬಿದಾಗ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುವುದರಿಂದ, ಬೇಕಾದ ಭಾಗವನ್ನು ಅದೇ ದಿನ ಪೆನ್‌ಡ್ರೈವಿಗೆ ತೆಗೆಯಿರಿ. ಘಟನೆಗೆ ಅರ್ಧ ಗಂಟೆ ಮುಂಚಿನಿಂದ ಅರ್ಧ ಗಂಟೆ ನಂತರದವರೆಗೆ, ಎಲ್ಲ ಕ್ಯಾಮೆರಾಗಳದ್ದೂ. ರೆಕಾರ್ಡರಿನ ಮೂಲ ರೂಪದಲ್ಲಿ ಒಂದು, ಎಲ್ಲೆಡೆ ನೋಡಬಹುದಾದ ಎಂಪಿ4 ರೂಪದಲ್ಲಿ ಇನ್ನೊಂದು. ಮೊಬೈಲಿನಲ್ಲಿ ಪರದೆಯ ವಿಡಿಯೊ ತೆಗೆದರೆ ಅದು ಸಾಕ್ಷ್ಯವಾಗಿ ಬಹಳ ದುರ್ಬಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಪ್ರತಿಯ ಜೊತೆ ಪ್ರಮಾಣಪತ್ರ ಇರಬೇಕು. ಹಿಂದೆ ಇದನ್ನೇ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಎನ್ನುತ್ತಿದ್ದರು. ಅದರಲ್ಲಿ ಎರಡು ಭಾಗ: ಒಂದನ್ನು ಸಾಧನದ ಹೊಣೆ ಹೊತ್ತ ನೀವು ತುಂಬಬೇಕು, ಇನ್ನೊಂದನ್ನು ತಜ್ಞರು. ಫೈಲಿನ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಆ ಫೈಲಿನ ಬೆರಳಚ್ಚು ಇದ್ದ ಹಾಗೆ, ಒಂದು ಚುಕ್ಕಿ ಬದಲಾದರೂ ಅದು ಬೇರೆಯಾಗುತ್ತದೆ. ನಮೂನೆ ಠಾಣೆಯಲ್ಲೇ ಕೇಳಿ. ರೆಕಾರ್ಡರಿನ ಗಡಿಯಾರ ನಿಜ ಸಮಯಕ್ಕಿಂತ ಎಷ್ಟು ಹಿಂದೆ ಮುಂದೆ ಇದೆ ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ಡಿವಿಆರ್ ಅನ್ನೇ ಪೊಲೀಸರು ವಶಕ್ಕೆ ಪಡೆದರೆ ಸೀರಿಯಲ್ ನಂಬರು ಇರುವ ಸ್ವೀಕೃತಿ ಪಡೆಯಿರಿ.

ಆ ವಿಡಿಯೊವನ್ನು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಕಳ್ಳನಿಗೆ ಮೊದಲು ತಲುಪುತ್ತದೆ, ಮಸುಕಾದ ಚಿತ್ರ ನೋಡಿ ಯಾರೋ ಅಮಾಯಕನ ಹೆಸರು ಹೇಳಿದರೆ ಅವನ ಬದುಕು ಹಾಳಾಗುತ್ತದೆ. ಮೊದಲು 112ಕ್ಕೆ ಕರೆ ಮಾಡಿ, ನಂತರ ಪೆನ್‌ಡ್ರೈವ್ ಹಿಡಿದು ಠಾಣೆಗೆ ಹೋಗಿ. ಇನ್ನೊಂದು ಪ್ರತಿ ನಿಮ್ಮ ಬೀರುವಿನಲ್ಲಿ, ಪ್ರಕರಣ ಮುಗಿಯುವವರೆಗೆ.